ಸಹಿ ಹಾಕಿದವರು ಇಪ್ಪತ್ತೈದು ಮಂದಿ

ವಿಜಯವಾಡದಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ ನಮ್ಮ ಕೈಗೊಂದು ಕರಪತ್ರ ಬಂತು. ಬೆನ್ನುಹುರಿಗೆ ಪೆಟ್ಟು ಬಿದ್ದು ಮಲಗಿರುವ ಅವರ ಮಗ ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಎದ್ದು ಓಡಾಡುತ್ತಾನೆಂದು ಯಾರೋ ಭರವಸೆ ಕೊಟ್ಟಿದ್ದರಂತೆ. ಬಿ.ಎಸ್ಸಿ. ಓದಿದವರೆಂದು ನಮ್ಮನ್ನು ಕೇಳಿದರು. ವಿಶಾಖಪಟ್ಟಣಕ್ಕೆ ಮರಳುವ ರೈಲಿನಲ್ಲಿ ನಮಗೆ ನೆನಪಾದದ್ದು ಕೊರಿಯಾದ ಪ್ರಸಂಗ.

ಆಕರಕೋಶವೆಂದರೆ ಮುಂದೆ ನರ, ರಕ್ತ, ಸ್ನಾಯು ಏನು ಬೇಕಾದರೂ ಆಗಬಲ್ಲ ಕೋಶ. ಅಂಡಾಣುವಿನ ಕೇಂದ್ರವನ್ನು ತೆಗೆದು, ರೋಗಿಯ ಕೋಶಕೇಂದ್ರವನ್ನು ಅಲ್ಲಿಟ್ಟು ಭ್ರೂಣ ಬೆಳೆಸಿದರೆ ರೋಗಿಯ ದೇಹಕ್ಕೆ ಒಗ್ಗುವ ಆಕರಕೋಶ ಸಿಗಬೇಕು. (ಬೆಂಗಳೂರಿಗೂ ಈ ಕ್ಷೇತ್ರ ಹೊಸದಲ್ಲ. 2001ರಲ್ಲಿ ಅಮೆರಿಕ ಪ್ರಕಟಿಸಿದ 64 ಭ್ರೂಣ ಆಕರಕೋಶ ಸಂತತಿಗಳ ಪಟ್ಟಿಯಲ್ಲಿ 3 ನಮ್ಮ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು.)

ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಹ್ವಾಂಗ್ ವೂ-ಸುಕ್ 2004ರಲ್ಲಿ, ತದ್ರೂಪಿ ಮಾನವ ಭ್ರೂಣದಿಂದ ಒಂದು ಕೋಶಸಂತತಿ ಪಡೆದೆವೆಂದು 'ಸೈನ್ಸ್' ಪತ್ರಿಕೆಯಲ್ಲಿ ಸಾರಿದರು. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜೆರಾಲ್ಡ್ ಶಾಟನ್ ಅವರ ಜೊತೆಗೂಡಿದರು. ಆಗಿನ ವಿಧಾನದಲ್ಲಿ ಕೋತಿಯ ತದ್ರೂಪು ಸಾಧ್ಯವಾಗಲಿಕ್ಕಿಲ್ಲವೆಂದು 2003ರಲ್ಲಿ ಬರೆದವರೂ ಇವರೇ! 2005ರ ಮೇ ತಿಂಗಳಲ್ಲಿ ಎರಡನೆಯ ಪ್ರಬಂಧ ಬಂತು: 185 ಅಂಡಾಣುಗಳಿಂದ 11 ಸಂತತಿಗಳು; ಲೇಖಕರು 25. ಪ್ರಯೋಗ ಸೋಲ್‌ನಲ್ಲಿ, ಬರವಣಿಗೆ ಬಹುಪಾಲು ಪಿಟ್ಸ್‌ಬರ್ಗ್‌ನಲ್ಲಿ. ನಮ್ಮಂಥವರ ಕಚೇರಿಯಲ್ಲಿ ಕಡತದ ಹಿಂದಿನ ಹಾಳೆ ತಿರುವದೆ ಸಹಿ ಹಾಕಿದ ಗುಮಾಸ್ತನಿಗೆ ಮೆಮೊ ತಪ್ಪದು. ಅಲ್ಲಿ ಹಿರಿಯ ಲೇಖಕರೇ ಮೂಲ ದಾಖಲೆ ಒರೆಹಚ್ಚಿರಲಿಲ್ಲ.

ನವೆಂಬರಿನಲ್ಲಿ ಶಾಟನ್ ಅಂಡಾಣುಗಳ ವಿಷಯವೆತ್ತಿ ಸ್ನೇಹ ಕಡಿದುಕೊಂಡರು. ಪ್ರಯೋಗಶಾಲೆಯ ಕಿರಿಯ ಸಹಾಯಕಿಯರೇ ಅಂಡಾಣು ಕೊಟ್ಟಿದ್ದರೆಂದು ಹ್ವಾಂಗ್ ಒಪ್ಪಿಕೊಂಡರು. ಯಜಮಾನ ಕೇಳಿದಾಗ ಒಲ್ಲೆನೆನ್ನುವ ಸ್ವಾತಂತ್ರ್ಯ ಆ ಹುಡುಗಿಯರಿಗೆ ಎಷ್ಟಿದ್ದೀತು? ಅಷ್ಟರಲ್ಲಿ ಕೊರಿಯಾದ ದೂರದರ್ಶನ ಕೆದಕಿತು. ಒಂದೇ ಛಾಯಾಚಿತ್ರವನ್ನು ಬೇರೆ ಬೇರೆ ಕೋಶಗಳದೆಂದು ಅಚ್ಚುಹಾಕಿದ್ದನ್ನು ತರುಣ ವಿಜ್ಞಾನಿಗಳು ಪತ್ತೆಮಾಡಿದರು. 2006ರ ಜನವರಿ 10ರಂದು ವಿಶ್ವವಿದ್ಯಾಲಯದ ಸಮಿತಿ ಹೇಳಿತು: 11ರ ಅಂಕಿಅಂಶಗಳನ್ನು ಎರಡೇ ಸಂತತಿಗಳಿಂದ ಹೆಣೆಯಲಾಗಿದೆ, ಆ ಎರಡೂ ತದ್ರೂಪಿಗಳಲ್ಲ. 2004ರ ಪ್ರಬಂಧವೂ ಸುಳ್ಳು. 'ಸ್ನಪ್ಪಿ' ಎಂಬ ನಾಯಿಮರಿಯ ತದ್ರೂಪು ಮಾತ್ರ ನಿಜ. ಬಳಸಿದ ಅಂಡಾಣುಗಳು ಎರಡು ಸಾವಿರಕ್ಕೂ ಹೆಚ್ಚು. ಒಂದೊಂದಕ್ಕೂ ಹಾರ್ಮೋನು ಚುಚ್ಚಿಸಿಕೊಂಡ ಹೆಣ್ಣುಮಕ್ಕಳಿದ್ದರು. ಎರಡೂ ಪ್ರಬಂಧಗಳನ್ನು 'ಸೈನ್ಸ್' ಹಿಂತೆಗೆದುಕೊಂಡಿತು.

ಹ್ವಾಂಗರಿಗೆ 2009ರಲ್ಲಿ ಹಣ ದುರುಪಯೋಗ ಮತ್ತು ಜೈವಿಕ ನೀತಿ ಕಾನೂನಿನ ಉಲ್ಲಂಘನೆಗಾಗಿ ಶಿಕ್ಷೆಯಾಯಿತು, ಆದರೆ ಅಮಾನತಿನಲ್ಲಿಟ್ಟದ್ದರಿಂದ ಸೆರೆವಾಸ ತಪ್ಪಿತು. ಶಾಟನ್ ವಂಚನೆಯಲ್ಲಿ ಪಾಲುದಾರರಲ್ಲ, ಹಿರಿಯ ಲೇಖಕನ ಹೊಣೆಯಿಂದ ನುಣುಚಿಕೊಂಡರು ಎಂದು ಪಿಟ್ಸ್‌ಬರ್ಗ್ ತೀರ್ಮಾನಿಸಿತು. ನಮಗಂತೂ ಇದು ತೀರ ಮೆತ್ತನೆಯ ತೀರ್ಪೆನಿಸುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತಸಂಬಂಧಿ ಕಾಯಿಲೆಗಳಂಥ ಕೆಲವನ್ನು ಬಿಟ್ಟು ಆಕರಕೋಶದ ಉಪಯೋಗ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಸಲ್ಲುತ್ತದೆ. ಅನುಮತಿಪತ್ರ ತೋರಿಸಿರೆಂದು ಕೇಳಿ, ಅಲ್ಲಿಯವರೆಗೆ ಮುಂಗಡ ಕೊಡಬೇಡಿ ಎಂದು ವಿಜಯವಾಡಕ್ಕೆ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.