ಯುಎಸ್‌ಬಿ ಎಕ್ಸ್‌ಟೆಂಡರ್

ಯುಎಸ್‌ಬಿ ಎಕ್ಸ್‌ಟೆಂಡರ್: ಕಂಪ್ಯೂಟರಿಗೂ ಯುಎಸ್‌ಬಿ ಸಾಧನಕ್ಕೂ ನಡುವಣ ಸಂಪರ್ಕವನ್ನು, ಕಟ್ಟಡದಲ್ಲಿ ಮೊದಲೇ ಎಳೆದಿರುವ ನೆಟ್‌ವರ್ಕ್ ಕೇಬಲ್ ಮೂಲಕ ದೂರಕ್ಕೆ ಒಯ್ಯುವ ಜೋಡಿ ಉಪಕರಣ. ಒಂದು ಘಟಕ ಕಂಪ್ಯೂಟರಿನ ಬಳಿ, ಇನ್ನೊಂದು ಪ್ರಿಂಟರ್, ಕೀಲಿಮಣೆ, ಕ್ಯಾಮೆರಾ ಮುಂತಾದವುಗಳ ಬಳಿ ಇರುತ್ತದೆ. ಎರಡನ್ನೂ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಜೋಡಿಸುತ್ತದೆ.

2000ರಲ್ಲಿ ಬಂದ ಯುಎಸ್‌ಬಿ 2.0ರಲ್ಲಿ ಒಂದು ಕೇಬಲಿನ ಉದ್ದದ ಮಿತಿ 5 ಮೀಟರ್. ಸಂಕೇತ ಕ್ಷೀಣಿಸುವುದಕ್ಕಿಂತ ಮುಖ್ಯ ಅಡ್ಡಿ ಕಾಲದ್ದು: ಕಂಪ್ಯೂಟರ್ ಉತ್ತರಕ್ಕಾಗಿ ಸುಮಾರು 1.5 ಮೈಕ್ರೊಸೆಕೆಂಡ್ ಮಾತ್ರ ಕಾಯುತ್ತದೆ. ಸಕ್ರಿಯ ಎಕ್ಸ್‌ಟೆಂಡರಿನ ಹತ್ತಿರದ ಘಟಕ, ದೂರದ ಸಾಧನದ ಉತ್ತರ ಬರುವವರೆಗೆ ‘ಇನ್ನೂ ಸಿದ್ಧವಿಲ್ಲ’ ಎಂಬ ಸಂಕೇತ ಕೊಟ್ಟು ಈ ಅಡ್ಡಿಯನ್ನು ದಾಟುತ್ತದೆ. ಈ ಜಾಣ ಉಪಾಯದಿಂದ ಸಂಪರ್ಕ 100 ಮೀಟರ್‌ವರೆಗೂ ಸಾಧ್ಯ. ಅಗ್ಗದ ನಿಷ್ಕ್ರಿಯ ಮಾದರಿಗಳಲ್ಲಿ ಈ ಸಾಮರ್ಥ್ಯವಿಲ್ಲ. ಕಡಿಮೆ ವೇಗದ ಸಾಧನಗಳಿಗಷ್ಟೇ ಅವು ಸೂಕ್ತ.

ಪ್ಲಗ್ ಆರ್‌ಜೆ45 ಆದರೂ ಇಂಥ ಹೆಚ್ಚಿನ ಮಾದರಿಗಳಲ್ಲಿ ಹರಿಯುವುದು ಈಥರ್ನೆಟ್ ಅಲ್ಲ. ಆದ್ದರಿಂದ ನಡುವೆ ಸ್ವಿಚ್ ಅಥವಾ ರೂಟರ್ ಇರಬಾರದು. ಪ್ಯಾಚ್ ಪ್ಯಾನೆಲಿನಲ್ಲಿ ಎರಡು ಕೋಣೆಗಳ ತಂತಿಗಳನ್ನು ನೇರವಾಗಿ ಸೇರಿಸಬೇಕು. ಸಾಮಾನ್ಯವಾಗಿ ಜೋಡಿಯ ಎರಡೂ ಘಟಕಗಳು ಒಂದೇ ತಯಾರಕರದ್ದಾಗಿರಬೇಕು. ಹೆಚ್ಚು ವಿದ್ಯುತ್ ಬೇಡುವ ಸಾಧನವಿದ್ದರೆ ದೂರದ ಘಟಕಕ್ಕೆ ಪ್ರತ್ಯೇಕ ಅಡಾಪ್ಟರ್ ಅಗತ್ಯ.

ಸಾಮಾನ್ಯ ನೆಟ್‌ವರ್ಕ್ ಮೇಲೆಯೇ ಯುಎಸ್‌ಬಿ ದತ್ತವನ್ನು ಪ್ಯಾಕೆಟ್‌ಗಳಾಗಿ ಕಳಿಸುವುದು ಇನ್ನೊಂದು ವಿಧ. ಈ ಬಗೆಯ ಯುಎಸ್‌ಬಿ/ಐಪಿ ತಂತ್ರಾಂಶ ಲಿನಕ್ಸ್ ಕರ್ನೆಲಿನ ಭಾಗವಾಗಿದ್ದು, ಟಿಸಿಪಿ ಪೋರ್ಟ್ 3240ನ್ನು ಬಳಸುತ್ತದೆ. ಇದರಲ್ಲಿ ಸ್ವಿಚ್ ಅಡ್ಡಿಯಾಗದು. ಆದರೆ ವಿಳಂಬ ಏರಿಳಿಯುವುದರಿಂದ ಧ್ವನಿ ಮತ್ತು ವಿಡಿಯೊ ಸಾಧನಗಳು ತಡವರಿಸಬಹುದು.