ಹಠಕ್ಕೆ ಬಿದ್ದು ಗೋಧಿ ಬೆಳೆದ ಹೊಲದಲ್ಲಿ ಸಿಕ್ಕ ಬ್ಯಾಕ್ಟೀರಿಯಾ

ಗೋಧಿಯ ಒಂದು ಬೇರುಕೊಳೆ ರೋಗಕ್ಕೆ 'ಟೇಕ್-ಆಲ್' ಎಂದು ಹೆಸರು. ಎಲ್ಲವನ್ನೂ ಹೊತ್ತೊಯ್ಯುವುದು ಎಂದರ್ಥ. ಆಸ್ಟ್ರೇಲಿಯಾದಲ್ಲಿ 19ನೇ ಶತಮಾನದಿಂದಲೂ ಬಳಕೆಯಲ್ಲಿರುವ ಹೆಸರಿದು. ಬೇರು ಕಪ್ಪಾಗುತ್ತದೆ, ತೆನೆ ಕಾಲಕ್ಕೆ ಮೊದಲೇ ಬೆಳ್ಳಗೆ ಒಣಗುತ್ತದೆ, ಕಾಳು ಜೊಳ್ಳು. ಕಾರಣ ಮಣ್ಣಿನಲ್ಲಿರುವ ಶಿಲೀಂಧ್ರ.

ಗೋಧಿಯ ಮೇಲೆ ಗೋಧಿ ಹಾಕಿದರೆ ರೋಗ ಏರುತ್ತದೆ. ಹಾಗಾಗಿ ಬೆಳೆ ಬದಲಿಸಿ ಎನ್ನುವುದು ಹಳೆಯ ಸಲಹೆ. ಶುಂಠಿ ಕಿತ್ತ ಜಾಗಕ್ಕೆ ಮತ್ತೆ ಶುಂಠಿ ಹಾಕಬೇಡಿ ಎಂದು ನಮ್ಮಲ್ಲೂ ಹೇಳುತ್ತಾರಲ್ಲ, ಹಾಗೆ. ಆದರೆ ಬೆಳೆ ಬದಲಿಸದೆ ಗೋಧಿಯನ್ನೇ ಹಾಕುತ್ತಾ ಹೋದವರ ಹೊಲಗಳಲ್ಲಿ ವಿಚಿತ್ರ ನಡೆಯಿತು. ಕೆಲವು ವರ್ಷ ರೋಗ ಜೋರಾಗಿ ಬಂತು, ಆಮೇಲೆ ತಾನಾಗಿಯೇ ಇಳಿಯಿತು. ಶಿಲೀಂಧ್ರ ಮಣ್ಣಿನಲ್ಲಿದ್ದರೂ ಬೆಳೆ ಉಳಿಯುತ್ತಿತ್ತು. ನಡುವಿನ ಆ ನಷ್ಟವನ್ನೆಲ್ಲ ಹೊತ್ತವರು ರೈತರು. ವಿಜ್ಞಾನದ ಕಥೆ ಹೇಳುವಾಗ ಈ ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಅಂಥ ಮಣ್ಣಿನ ಬಗ್ಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೇಮ್ಸ್ ಕುಕ್ ಮತ್ತು ಆಸ್ಟ್ರೇಲಿಯಾದ ಆಲ್ಬರ್ಟ್ ರೊವಿರಾ 1976ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರೀಕ್ಷೆ ಸರಳ. ಆ ಮಣ್ಣನ್ನು ಹಸಿಯಾಗಿಯೇ 60 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದರೆ ರೋಗ ತಡೆಯುವ ಗುಣ ಹೋಗುತ್ತದೆ. ಕಾಯಿಸದ ಮಣ್ಣನ್ನು ಸ್ವಲ್ಪವೇ ತೆಗೆದು ಬೇರೆ ಮಣ್ಣಿಗೆ ಬೆರೆಸಿದರೆ ಗುಣ ಅಲ್ಲಿಗೂ ಬರುತ್ತದೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಅಂದರೆ ಕೆಲಸ ಮಾಡುತ್ತಿರುವುದು ಜೀವ. ಅನುಮಾನ ಬೇರಿನ ಸುತ್ತ ಬದುಕುವ ಸೂಡೊಮೊನಾಸ್ ಬ್ಯಾಕ್ಟೀರಿಯಾಗಳ ಮೇಲೆ ಹೋಯಿತು.

1983ರಲ್ಲಿ ಡೇವಿಡ್ ವೆಲ್ಲರ್ ಮತ್ತು ಕುಕ್ ಆ ಬ್ಯಾಕ್ಟೀರಿಯಾವನ್ನು ಬಿತ್ತನೆ ಬೀಜಕ್ಕೆ ಲೇಪಿಸಿ ರೋಗ ಕಡಿಮೆಯಾಗುವುದನ್ನು ತೋರಿಸಿದರು. 1988ರಲ್ಲಿ ಲಿಂಡಾ ಥೊಮಾಶೋ ಮತ್ತು ವೆಲ್ಲರ್ ಇನ್ನೂ ಒಳಗೆ ಹೋದರು. ಇದರ ಒಂದು ತಳಿ ಫಿನಜೀನ್ ಎಂಬ ಪ್ರತಿಜೀವಕವನ್ನು ಸ್ರವಿಸುತ್ತದೆ. ಅದನ್ನು ತಯಾರಿಸಲಾಗದಂತೆ ಜೀನ್ ಕೆಡಿಸಿದಾಗ ಬೇರಿಗೆ ಸಿಗುವ ರಕ್ಷಣೆ ಕುಗ್ಗಿತು, ಸರಿಪಡಿಸಿದಾಗ ಮರಳಿತು. ಇಷ್ಟಾದರೂ ಒಂದು ಹೊಲದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಸೋಲುವುದು ನಿಲ್ಲಲಿಲ್ಲ. ಆ ತಕರಾರು ಇಂದಿಗೂ ಇದೆ.

ನಮ್ಮ ಕಡೆಯ ರೈತರಿಗೆ ಹತ್ತಿರವಾದ ಅಧ್ಯಾಯ ಕೊಯಮತ್ತೂರಿನದು. ಅಲ್ಲಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿದ್ಯಾಶೇಖರನ್ ಮತ್ತು ಮುತ್ತಮಿಳನ್ ಕಡಲೆಯ ಸೊರಗು ರೋಗಕ್ಕಾಗಿ ಸೂಡೊಮೊನಾಸನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿ ಇಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಗೊಬ್ಬರದಂಗಡಿಯಲ್ಲಿ ಸಿಗುವ ಬಿಳಿ ಪುಡಿಯ ಪ್ಯಾಕೆಟ್ ಆ ಜಾತಿಯದೇ. ಮೆಣಸು, ಬಾಳೆ, ಭತ್ತ ಎಲ್ಲಕ್ಕೂ ಕೊಡುತ್ತಾರೆ. ಕೆಲವರು ಅದನ್ನು ತಾಮ್ರದ ಔಷಧದ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸುತ್ತಾರೆ. ಶಿಲೀಂಧ್ರಕ್ಕೆ ಹಾಕುವ ಆ ತಾಮ್ರ ಬ್ಯಾಕ್ಟೀರಿಯಾಕ್ಕೂ ವಿಷ. ಪ್ಯಾಕೆಟ್ ಮೇಲೆ ಸಿಎಫ್‌ಯು ಎಂಬ ಅಂಕಿ ಇರುತ್ತದೆ, ಗ್ರಾಂ ಪುಡಿಯಲ್ಲಿ ಎಷ್ಟು ಜೀವಂತ ಬ್ಯಾಕ್ಟೀರಿಯಾ ಎಂಬ ಲೆಕ್ಕ. ತಗಡಿನ ಚಾವಣಿಯಡಿ ಏಪ್ರಿಲ್ ಕಳೆದ ಮೇಲೆ ಅದರಲ್ಲಿ ಎಷ್ಟು ಉಳಿದಿವೆ ಎಂದು ಪ್ಯಾಕೆಟ್ ಹೇಳುವುದಿಲ್ಲ.