ಹಸಿವಿನ ಚಳಿಗಾಲದ ಮಕ್ಕಳು

ಬಸುರಿಯು ಉಂಡದ್ದು ಮಗುವಿನ ಮೈಗೆ ಹತ್ತುತ್ತದೆಂಬುದನ್ನು ನಮ್ಮ ಹಿರಿಯರು ಬಲ್ಲರು. ಆಕೆ ಉಪವಾಸವಿದ್ದರೆ ಮಗುವಿನ ಮಿದುಳು ಏನಾಗುತ್ತದೆ? ಇದನ್ನು ಪ್ರಯೋಗ ಮಾಡಿ ತಿಳಿಯಲು ಮನುಷ್ಯರಾದವರು ಯಾರೂ ಒಪ್ಪಲಾರರು. ಯುದ್ಧವು ಒಮ್ಮೆ ಅದನ್ನು ಮಾಡಿಬಿಟ್ಟಿತು.

1944ರ ಸೆಪ್ಟೆಂಬರಿನಲ್ಲಿ, ಮಿತ್ರರಾಷ್ಟ್ರಗಳ ಸೇನೆಗೆ ನೆರವಾಗಲೆಂದು, ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಡಚ್ ಸರ್ಕಾರವು ತನ್ನ ನಾಡಿನ ರೈಲ್ವೆ ನೌಕರರಿಗೆ ಮುಷ್ಕರದ ಕರೆ ಕೊಟ್ಟಿತು. ನೆದರ್ಲೆಂಡ್ಸನ್ನು ಆಕ್ರಮಿಸಿಕೊಂಡಿದ್ದ ಜರ್ಮನರು ಪ್ರತೀಕಾರವಾಗಿ ಪಶ್ಚಿಮದ ನಗರಗಳಿಗೆ ಆಹಾರ ಸಾಗದಂತೆ ತಡೆದರು. ನವೆಂಬರಿನಲ್ಲಿ ಜಲಮಾರ್ಗದ ನಿರ್ಬಂಧವನ್ನು ಸಡಿಲಿಸಿದರೂ, ಚಳಿಗೆ ಕಾಲುವೆಗಳು ಹೆಪ್ಪುಗಟ್ಟಿ ದೋಣಿಗಳು ನಿಂತವು. ಆಮ್‌ಸ್ಟರ್‌ಡ್ಯಾಮಿನಲ್ಲಿ ಒಬ್ಬರ ದಿನದ ಪಡಿತರವು ನವೆಂಬರ್ ಕೊನೆಗೆ 1000 ಕ್ಯಾಲೊರಿಗಿಂತ ಕೆಳಗಿಳಿದು, ಮುಂದೆ 400ರಿಂದ 800ರ ನಡುವೆ ಉಳಿಯಿತು. ಜನ ಟ್ಯುಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು 20,000 ಮಂದಿ ಸತ್ತರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು.

ಕ್ಷಾಮವು ಥಟ್ಟನೆ ಬಂದು ಥಟ್ಟನೆ ಹೋದುದರಿಂದ, ಯಾವ ಮಗುವಿಗೆ ಗರ್ಭದ ಎಷ್ಟನೆಯ ತಿಂಗಳಲ್ಲಿ ಹಸಿವು ತಟ್ಟಿತೆಂದು ಜನನ ದಾಖಲೆಗಳಿಂದಲೇ ಲೆಕ್ಕ ಹಾಕಬಹುದಾಗಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜೀನಾ ಸ್ಟೈನ್ ಮತ್ತು ಮರ್ವಿನ್ ಸಸ್ಸರ್ ದಂಪತಿಗಳು ಸಂಗಡಿಗರೊಂದಿಗೆ ಈ ಕೆಲಸಕ್ಕೆ ಕೈಹಾಕಿದರು. ಕಡ್ಡಾಯ ಸೈನ್ಯ ಸೇವೆಗೆಂದು 19ರ ವಯಸ್ಸಿನಲ್ಲಿ ಪರೀಕ್ಷೆಗೆ ಬಂದ ಸುಮಾರು 1,25,000 ಯುವಕರ ದಾಖಲೆಗಳನ್ನು ಪರಿಶೀಲಿಸಿ, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಗರ್ಭದಲ್ಲಿ ಹಸಿದವರಿಗೂ ಹಸಿಯದವರಿಗೂ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ!

ಇದು ನೆಮ್ಮದಿಯ ಸುದ್ದಿಯೇನೋ ಹೌದು. ಆದರೆ ವರ್ಷಗಟ್ಟಲೆ ಅಂಕಪಟ್ಟಿ ಬರೆದ ನನ್ನಂಥವರಿಗೆ, ಒಂದು ಪರೀಕ್ಷೆ ಮಿದುಳಿನ ಎಷ್ಟು ಭಾಗವನ್ನು ಅಳೆದೀತು ಎಂಬ ಸಂದೇಹ ಉಳಿಯುತ್ತದೆ. ಅಲ್ಲದೆ ಅಳೆದದ್ದು ಬದುಕಿ ಬೆಳೆದವರನ್ನು ಮಾತ್ರ. ಆ ಚಳಿಗಾಲದಲ್ಲಿ ಎಷ್ಟೋ ಗರ್ಭಗಳು ನಿಲ್ಲಲೇ ಇಲ್ಲ, ಹುಟ್ಟಿದ ಎಷ್ಟೋ ಕೂಸುಗಳು ಉಳಿಯಲಿಲ್ಲ.

ಮುಂದಿನ ಕಥೆಯನ್ನು ಬಿಚ್ಚಿದವರಲ್ಲಿ ಆ ದಂಪತಿಗಳ ಮಗನೂ ಒಬ್ಬ. ಕ್ಷಾಮ ತೀವ್ರವಾಗಿದ್ದಾಗ ಗರ್ಭದಲ್ಲಿ ಮೂಡಿದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ರೋಗವು ಸುಮಾರು ಎರಡು ಪಟ್ಟು ಹೆಚ್ಚೆಂದು ಎಜ್ರಾ ಸಸ್ಸರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿದರು. ಚೀನಾದ 1959–61ರ ಕ್ಷಾಮದ ಮಕ್ಕಳಲ್ಲೂ ಇಂಥದೇ ಏರಿಕೆ ಕಂಡುಬಂದಿತು. 2010ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದು ಇನ್ನೂ ಸೂಕ್ಷ್ಮವಾದುದು: ಗರ್ಭದ ಮೊದಲ ತಿಂಗಳುಗಳಲ್ಲಿ ಹಸಿದಿದ್ದವರು, 58ರ ಆಸುಪಾಸಿನ ವಯಸ್ಸಿನಲ್ಲಿ, ಬೇಕಾದುದರ ಮೇಲೆ ಮಾತ್ರ ಗಮನವಿಡುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಸಾಮಾನ್ಯ ಬುದ್ಧಿಯ ಪರೀಕ್ಷೆಯಲ್ಲಿ ಆಗಲೂ ಅವರು ಉಳಿದವರಿಗೆ ಸಮನಾಗಿಯೇ ಇದ್ದರು.

ಕ್ಷಾಮದಲ್ಲಿ ಬಸಿರು ನಿಂತ ಮಕ್ಕಳಲ್ಲಿ ಮಿದುಳು-ಬೆನ್ನುಹುರಿಯ ಹುಟ್ಟುದೋಷಗಳೂ ಹೆಚ್ಚಿದ್ದವು. ಮಿದುಳು ಮತ್ತು ಬೆನ್ನುಹುರಿಗಳಿಗೆ ಮೂಲವಾದ ನರನಾಳವು ಮುಚ್ಚಿಕೊಳ್ಳುವುದು ಗರ್ಭದ ಮೊದಲ 28 ದಿನಗಳೊಳಗೆ. ಫೋಲಿಕ್ ಆಮ್ಲವೆಂಬ ಜೀವಸತ್ವವು ಈ ದೋಷಗಳು ಮರುಕಳಿಸುವುದನ್ನು ಬಹುಪಾಲು ತಡೆಯುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನವು ಸ್ಥಿರಪಡಿಸಿತು. ಆ ಮೊದಲ ವಾರಗಳಲ್ಲಿ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬುದೇ ತಿಳಿದಿರುವುದಿಲ್ಲ. ಅದಕ್ಕೇ ವೈದ್ಯರು ಆ ಮಾತ್ರೆಯನ್ನು ಬಸಿರಿಗೆ ಮುಂಚೆಯೇ ಆರಂಭಿಸಿ ಎನ್ನುತ್ತಾರೆ.